ಮಿಸಿಸಿಪಿ ಜಾನ್ ಹರ್ಟ್, 1928: ಚರಚರ ಇರೋದು ಕೇಳ್ಲೋ, ತೊಳೆದಿದ್ದು ಕೇಳ್ಲೋ?

ಹಳೇಪೇಟೆ ಗಿಟಾರು, ದಾವಣಗೆರೆ:
ಮೂರು ತಿಂಗಳಿಂದ ಅಮೆರಿಕದ ಹಳೇ ಬ್ಲೂಸ್ ಹಾಡುಗಾರ, ಗಿಟಾರಿನವ ಜಾನ್ ಹರ್ಟ್ ಹಿಂದೆ ಬಿದ್ದೀನಿ. 1928ರಲ್ಲಿ ಓಕೆ ಅನ್ನೋ ರೆಕಾರ್ಡ್ ಕಂಪನಿಗೆ ಹಾಡಿದ್ದರಲ್ಲಿ ಉಳಿದಿರೋದು ಹದಿಮೂರು ಹಾಡು. ಅವುಗಳದ್ದೇ ಎರಡು ಮರುಬಿಡುಗಡೆ ನನ್ನ ಹತ್ರ ಅದಾವೆ. ಒಂದರಲ್ಲಿ ಬಾಣಲೆಗೆ ಮಿರ್ಚಿ ಬಿಟ್ಟಂಗೆ ಸದ್ದು. ಇನ್ನೊಂದು ಸೋಪು ಹಾಕಿ ತೊಳೆದಂಗೈತೆ, ಆದ್ರೆ ಮನುಷ್ಯ ಕಂಬಳಿ ಹೊದ್ಕೊಂಡು ನುಡಿಸ್ತಿದಾನೆ ಅನ್ಸುತ್ತೆ. ಅದೂ ಸಾಲದು ಅಂತ, ಒಂದಕ್ಕೆ ಗಿಟಾರು ಶ್ರುತಿ ಮಾಡಿದ್ರೆ ಇನ್ನೊಂದಕ್ಕೆ ಹೊಂದಲ್ಲ. ಹತ್ತತ್ರ ಅರ್ಧ ಸ್ವರ ಆಚೀಚೆ. ಕಲಿಯೋಕೆ ಯಾವುದು ಇಟ್ಕೊಳ್ಳಲಿ?

ಕೋಟೆ ಕೆಳಗಿನವ, ಚಿತ್ರದುರ್ಗ:
ಶ್ರುತಿದು ಮೊದಲು ಹೇಳ್ತೀನಿ, ಅದು ಸಸಾರ. ಆಗಿನ ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ಅಂತ ಹೆಸರಿಗಷ್ಟೇ. ಅದೇ ತಟ್ಟೆ ಒಬ್ಬ 76ಕ್ಕೆ ಓಡಿಸಿ, ಇನ್ನೊಬ್ಬ 80ಕ್ಕೆ ಓಡಿಸಿದ್ರೆ ಅರ್ಧ ಸ್ವರಕ್ಕೆ ಒಂಚೂರು ಕಮ್ಮಿ ಎದ್ದುಬಿಡುತ್ತೆ. ನಮ್ಮ ಚಿಕ್ಕಪ್ಪಂದು ಮೈಕ್‌ಸೆಟ್ ಬಾಡಿಗೆ. ಮದುವೆ ಮನೇಲಿ ಊಟ ತಡ ಆದ್ರೆ ವೇಗದ ತಿರುಪು ತಿರುವೋನು, ಹಾಡೋ ಮುದುಕ ಹುಡುಗ ಆಗೋನು. ಗಿಟಾರಿನ ಕುತ್ತಿಗೆಗೆ ಶ್ರುತಿ ಏರಿಸೋ ಕ್ಲಿಪ್ಪು, ಅದೇ ಕ್ಯಾಪೋ, ಹಾಕ್ಕೊಂಡು ಮುಂದೆ ಹೋಗ್ರಿ.

ಸದ್ದಿನ ವಿಷಯ ಬೇರೆ. ಆ ಕಾಲದಲ್ಲಿ ತಟ್ಟೆ ಒತ್ತೋಕೆ ಇದ್ದ ಲೋಹದ ಅಚ್ಚು ಬಹಳಷ್ಟು ಉಳಿದಿಲ್ಲ. ಯಾರದೋ ಮನೇಲಿ ಸವೆದ ತಟ್ಟೆ ಹುಡುಕಿ, ಅದರಿಂದಲೇ ಮರುಬಿಡುಗಡೆ ಮಾಡ್ತಾರೆ. ಸವೆದದ್ದು ಸದ್ದು ಮಾಡ್ದೆ ಇರುತ್ತಾ? ಹರ್ಟ್ ಆಟ ಎಲ್ಲಾ ಹೆಬ್ಬೆರಳಲ್ಲಿ. ಅದು ದಪ್ಪ ತಂತಿ ಮೇಲೆ ಒಂದಾದ ಮೇಲೊಂದು ಕುಟ್ತಾ ಇರುತ್ತೆ, ಬೆರಳು ಮೇಲ್ಗಡೆ ಹಾಡು ಹೇಳ್ತವೆ. ನಮ್ಮ ತತ್ವಪದದವರು ಒಂದು ಕೈಲಿ ಏಕತಾರಿ, ಇನ್ನೊಂದರಲ್ಲಿ ಚಿಟಿಕೆ ಹಿಡಿದಂಗೆ. ಬೆರಳು ತಂತಿಗೆ ತಾಗೋ ಆ 'ಟಕ್' ಐತಲ್ಲ, ಅದು ಚರಚರ ಇರೋ ಜಾಗದಲ್ಲೇ ಕೂತಿರುತ್ತೆ. ಒಂದನ್ನ ಕೆರೆದ್ರೆ ಇನ್ನೊಂದೂ ಕಿತ್ತು ಬರುತ್ತೆ. ಅದೇ ನಿಮ್ಮ ಕಂಬಳಿ.

ಅವನ ಕಥೆ ಗೊತ್ತಲ್ಲ? ಫೆಬ್ರವರಿಯಲ್ಲಿ ಮೆಂಫಿಸ್, ಡಿಸೆಂಬರಲ್ಲಿ ನ್ಯೂಯಾರ್ಕ್, ಆಮೇಲೆ ವಾಪಸ್ ಹೊಲಕ್ಕೆ. ಮೂವತ್ತೈದು ವರ್ಷ ಯಾರೂ ಕೇಳ್ಲಿಲ್ಲ. ಒಂದು ಹಾಡಲ್ಲಿ ಆವಲಾನ್ ನಮ್ಮೂರು ಅಂದಿದ್ದ. ಟಾಮ್ ಹಾಸ್ಕಿನ್ಸ್ ಅನ್ನೋನು ಹಳೇ ಭೂಪಟದಲ್ಲಿ ಆ ಊರು ಹುಡುಕಿ 1963ರಲ್ಲಿ ಮನೆ ಬಾಗಿಲು ತಟ್ಟಿದ. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವ, 1966ರಲ್ಲಿ ತೀರ್ಕೊಂಡ. ಆ ಕೊನೇ ವರ್ಷಗಳ ಧ್ವನಿಮುದ್ರಣ ಶುಭ್ರವಾಗಿವೆ. ಬೆರಳ ಜಾಗ ತಿಳಿಯೋಕೆ ಅವು ಕೇಳ್ರಿ. ಆದ್ರೆ ಅವು ಎಪ್ಪತ್ತರ ಕೈ. ಮೂವತ್ತೈದರ ಕೈ ಬೇಕಂದ್ರೆ ಮಿರ್ಚಿ ಬಾಣಲೇನೇ ಗತಿ.

ಮಂಡಕ್ಕಿ ಗಿರಾಕಿ:
ಅಲ್ರೀ, ಚರಚರ ಕೇಳೋಕೆ ದುಡ್ಡು ಯಾಕೆ ಕೊಡ್ಬೇಕು? ಈಗಿನ ಸಾಫ್ಟ್‌ವೇರ್‌ಗೆ ಹಾಕಿದ್ರೆ ಎರಡು ನಿಮಿಷ, ಎಲ್ಲಾ ಕ್ಲೀನ್.

ಹಳೇಪೇಟೆ ಗಿಟಾರು:
ಕ್ಲೀನ್ ಅಂದ್ರೆ ನಂಗೆ ಹೊಟ್ಟೆ ಉರಿಯುತ್ತೆ ಮಾರಾಯ. ಜಗಳೂರು ಕಡೆ ನಮ್ಮಜ್ಜಿ ಬೀಸೋ ಪದ ಹೇಳಿದ್ದು ಒಂದು ಕ್ಯಾಸೆಟ್ಟಲ್ಲಿತ್ತು. ಕಂಪ್ಯೂಟರಿಗೆ ಇಳಿಸ್ಕೊಡಿ ಅಂತ ಒಂದು ಅಂಗಡಿಗೆ ಕೊಟ್ಟೆ. ಕೇಳ್ದೆ ಮಾಡ್ದೆ ಬೀಸೋಕಲ್ಲಿನ ಗುರುಗುರು ತೆಗೆದು ಕೊಟ್ರು. ಬಳೆ ಸದ್ದೂ ಹೋಯ್ತು. ಈಗ ಕೇಳಿದ್ರೆ ಅಜ್ಜಿ ಸಾಲಿನ ನಡುವೆ ಸುಮ್ಮನೆ ಮರೆತು ನಿಂತಂಗಿರುತ್ತೆ. ಅವಳು ನಿಲ್ತಿದ್ದಿದ್ದು ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕೋಕೆ.

ಕೋಟೆ ಕೆಳಗಿನವ:
ಕ್ಯಾಸೆಟ್ ವಾಪಸ್ ಇಸ್ಕೊಂಡ್ರಾ?

ಹಳೇಪೇಟೆ ಗಿಟಾರು:
ಟ್ರಂಕಲ್ಲೈತೆ. ಹಾಕೋಕೆ ಟೇಪ್ ರೆಕಾರ್ಡರ್ ಇಲ್ಲ.

ಕೋಟೆ ಕೆಳಗಿನವ:
ನನ್ನ ಹತ್ರ ಐತೆ, ಮೊನ್ನೆ ಬೆಲ್ಟ್ ಹೊಸದು ಹಾಕಿಸೀನಿ. ಭಾನುವಾರ ದುರ್ಗಕ್ಕೆ ಬನ್ರಿ. ಗಿಟಾರೂ ತರ್ರಿ.