ಪಿಆರ್ ಕಾರ್ಡ್ ಜನವರಿಗೆ ಮುಗಿಯುತ್ತೆ, ತಮ್ಮನ ಮದುವೆ ಫೆಬ್ರವರಿಗೆ

ಮಿಸ್ಸಿಸಾಗ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ಕೆನಡಾ ಪಿಆರ್ (ಕಾಯಂ ನಿವಾಸಿ) ಕಾರ್ಡ್ ಜನವರಿ 20ಕ್ಕೆ ಮುಗಿಯುತ್ತೆ. ತಮ್ಮನ ಮದುವೆ ಫೆಬ್ರವರಿ 8ಕ್ಕೆ, ಹೊಳೆನರಸೀಪುರದಲ್ಲಿ. ಜನವರಿ 10ಕ್ಕೆ ಹೊರಟು ಫೆಬ್ರವರಿ ಕೊನೆಗೆ ವಾಪಸ್, ಟಿಕೆಟ್ ಆಗಲೇ ಮಾಡಿಸಿಬಿಟ್ಟಿದ್ದೀನಿ. ಕಾರ್ಡಿನ ತಾರೀಖು ಕಣ್ಣಿಗೆ ಬಿದ್ದಿದ್ದು ಮೊನ್ನೆ, ಪರ್ಸಲ್ಲಿ ಲೈಬ್ರರಿ ಕಾರ್ಡ್ ಹುಡುಕುವಾಗ! ಒಂಬತ್ತು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದಿತ್ತಂತೆ. ನಮ್ಮೆಜಮಾನ್ರು "ಅರ್ಜೆಂಟ್ ಅಂತ ಬರೆದು ಹಾಕು, ಕೊಡ್ತಾರೆ" ಅಂತಿದ್ದಾರೆ. ಕೊಡ್ತಾರಾ? ಕಾರ್ಡ್ ಮುಗಿದ್ರೆ ಪಿಆರೇ ಹೋಗುತ್ತಾ? ಬಾಣಂತನಕ್ಕೆ ಅಂತ ಊರಲ್ಲಿ ಏಳು ತಿಂಗಳು ಇದ್ದೆ, ಅದೊಂದು ಭಯ ಬೇರೆ.

ಮಂಡ್ಯದ್ ಗೌಡ, ಬ್ರಾಂಪ್ಟನ್:
ತಂಗಿ, ಕಾರ್ಡ್ ಮುಗಿದ್ರೆ ಪಿಆರ್ ಹೋಗಲ್ಲ. ಐದು ವರ್ಷದಲ್ಲಿ 730 ದಿನ ಇಲ್ಲಿದ್ರೆ ಆಯ್ತು, ನಿನ್ನ ಏಳು ತಿಂಗಳು ಯಾವ ಲೆಕ್ಕ. ತೊಂದರೆ ಇರೋದು ಬೆಂಗಳೂರು ಏರ್‌ಪೋರ್ಟ್ ಕೌಂಟರಲ್ಲಿ. ವಿಮಾನ ಹತ್ತೋಕೆ ಚಾಲ್ತಿ ಕಾರ್ಡ್ ಬೇಕು, ಇಲ್ಲಾಂದ್ರೆ ಪಿಆರ್ ಟ್ರಾವೆಲ್ ಡಾಕ್ಯುಮೆಂಟ್ ಬೇಕು. 2019ರಲ್ಲಿ ಅಪ್ಪನ ತಿಥಿಗೆ ಹೋಗಿದ್ದೆ. ವಾಪಸ್ ಬರೋ ದಿನ, ರಾತ್ರಿ ಒಂದೂವರೆ. ಕೌಂಟರ್ ಹುಡುಗಿ ಕಾರ್ಡ್ ತಿರುಗಿಸಿ ನೋಡಿ, "ಸರ್, ಇದು ಮುಗಿದು ಹನ್ನೊಂದು ದಿನ ಆಯ್ತು" ಅಂದ್ಲು. ಎರಡು ಸೂಟ್‌ಕೇಸು, ಒಂದರ ತುಂಬಾ ಸಾರಿನ ಪುಡಿ, ಉಪ್ಪಿನಕಾಯಿ. ಎಳ್ಕೊಂಡು ಟ್ಯಾಕ್ಸಿ ಹತ್ತಿ ಸೀದಾ ಮಂಡ್ಯ. ಆ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಿ, ಪಾಸ್‌ಪೋರ್ಟ್ ಕೊಟ್ಟು, ಐದು ವಾರ ಕೂತೆ.

ಅರ್ಜೆಂಟ್ ಅಂದ್ರೆ ಇಮಿಗ್ರೇಷನ್‌ನವರು ಒಪ್ಪೋದು ಕಾಯಿಲೆ, ಮನೆಯವರ ಸಾವು, ಕೆಲಸ, ಅಂಥವು. ಮೂರು ತಿಂಗಳೊಳಗೆ ಪ್ರಯಾಣ ಇದೆ ಅನ್ನೋದಕ್ಕೆ ದಾಖಲೆನೂ ಬೇಕು. ಮದುವೆ ಆ ಪಟ್ಟೀಲಿಲ್ಲ. ಸಾವಿಗಾದ್ರೆ ಅವಸರ, ಓಲಗಕ್ಕೆ ನಿಧಾನ!

ಹ್ಯಾಮಿಲ್ಟನ್ ಹುಡುಗ:
ಅಮೆರಿಕ ವೀಸಾ ಇದ್ಯಾ ಅಕ್ಕ? ಗಡಿ ಪಕ್ಕದ ಬಫೆಲೋಗೆ ಇಳಿದು ಖಾಸಗಿ ಕಾರಲ್ಲಿ (ಸ್ನೇಹಿತರದ್ದಾದ್ರೂ ಸರಿ) ಗಡಿ ದಾಟಿದ್ರೆ ಮುಗಿದ ಕಾರ್ಡಲ್ಲೂ ಒಳಗೆ ಬರಬಹುದು. ಬಸ್ಸು, ರೈಲು ಆಗಲ್ಲ. ನನ್ನ ರೂಮ್‌ಮೇಟ್ ಹಾಗೇ ಬಂದ, ಜನವರಿ ಹಿಮದಲ್ಲಿ ನಾನೇ ಹೋಗಿ ಕರ್ಕೊಂಡು ಬಂದೆ.

ಮಿಸ್ಸಿಸಾಗ ಅಕ್ಕ:
ಆ ವೀಸಾ ಇಲ್ಲಪ್ಪ. ನಿನ್ನೆ ರಾತ್ರಿ ಪೋರ್ಟಲ್‌ನಲ್ಲಿ ಮಾಮೂಲಿ ಅರ್ಜಿನೇ ಹಾಕ್ದೆ, 50 ಡಾಲರ್. ದೇಶದ ಹೊರಗಿದ್ದ ದಿನ ತುಂಬೋಕೇ ಮೂರು ಗಂಟೆ ಹಿಡೀತು. ಕೆನಡಾದಿಂದ ಹೊರಡುವಾಗ ಇವರು ಮೊಹರು ಒತ್ತಲ್ಲವಲ್ಲ, ಬೆಂಗಳೂರಿನ ಮಸುಕು ಮೊಹರುಗಳನ್ನ ಫೋನ್ ಟಾರ್ಚ್ ಹಿಡಿದು ಓದಿದೆ. ಕಾರ್ಡ್ ಇಲ್ಲಿನ ವಿಳಾಸಕ್ಕೇ ಬರೋದು, ಇಂಡಿಯಾಗೆ ಕಳಿಸಲ್ವಂತೆ. ನಾನು ಹೊರಡೋದರೊಳಗೆ ಬಂದ್ರೆ ಸರಿ. ಇಲ್ಲಾಂದ್ರೆ ಊರಿಗೆ ಹೋದ ತಕ್ಷಣ ಟ್ರಾವೆಲ್ ಡಾಕ್ಯುಮೆಂಟ್‌ಗೆ ಹಾಕ್ತೀನಿ, ವಾಪಸ್ ಟಿಕೆಟ್ ಮಾರ್ಚ್‌ಗೆ ತಳ್ಳಿದ್ದೀನಿ. ಅಣ್ಣ, ಆ ಉಪ್ಪಿನಕಾಯಿ ಏನಾಯ್ತು?

ಮಂಡ್ಯದ್ ಗೌಡ, ಬ್ರಾಂಪ್ಟನ್:
ಐದು ವಾರ ಇತ್ತಲ್ಲಮ್ಮ, ನಾನೇ ಖಾಲಿ ಮಾಡ್ದೆ.