ಕ್ಯಾಮೆರಾ ಎತ್ತಿದ ತಕ್ಷಣ ಮಕ್ಳೂ ಬದಲಾಗ್ತಾರೆ, ಹಕ್ಕೀನೂ ಹಾರೋಗತ್ತೆ, ಏನ್ ಮಾಡೋದು?

ಬಿಸಿಲುಕೋಲು:
ನಮಸ್ಕಾರ ಎಲ್ರಿಗೂ. ಮನೇಲಿ ಇಬ್ರು ಮಕ್ಳು, ಅಜ್ಜಿ ಎಲ್ಲಾ ಇದಾರೆ, ಅವ್ರು ಅವ್ರ ಪಾಡಿಗೆ ಇರೋವಾಗಿನ ಫೋಟೋ ಬೇಕು ನಂಗೆ. ಆದ್ರೆ ಕ್ಯಾಮೆರಾ ಎತ್ತಿದ್ರೆ ಸಾಕು, ಚಿಕ್ಕೋನು ಹಲ್ಲು ಕಿರಿದು ನಿಂತ್ಬಿಡ್ತಾನೆ, ದೊಡ್ಡೋಳು ಮುಖ ತಿರುಗಿಸ್ಕೋತಾಳೆ, ಅಜ್ಜಿ "ತಡಿಯಪ್ಪಾ ತಲೆ ಬಾಚ್ಕೊಂಡ್ ಬರ್ತೀನಿ" ಅಂತ ಎದ್ದು ಹೋಗ್ತಾರೆ. ಅಪ್ಪಿತಪ್ಪಿ ಒಂದು ಸಿಕ್ರೂ ಒಳಗಡೆ ಬೆಳಕು ಕಮ್ಮಿ ಇರೋದಕ್ಕೆ ಕೈ ಮುಖ ಎಲ್ಲಾ ಅಲ್ಲಾಡಿರತ್ತೆ. ಹೊರಗಡೆ ಹಕ್ಕಿ ಚಿಟ್ಟೆ ತೆಗಿಯೋಣ ಅಂತ ಹೋದ್ರೆ ಅಲ್ಲೂ ಇದೇ ಕತೆ, ಬರೀ ಬಾಲ ಸಿಗತ್ತೆ. ಹಳೇ ಮಿರರ್‌ಲೆಸ್ ಕ್ಯಾಮೆರಾ ಇದೆ, ಅದ್ರ ಜೊತೆಗೇ ಬಂದ 18-55 ಎಂಎಂ ಕಿಟ್ ಲೆನ್ಸ್, ಜೊತೆಗೊಂದು ದೂರದ್ದು ಹತ್ರ ಕಾಣ್ಸೋ 55-200. ಅಪರ್ಚರ್ ಪ್ರಯಾರಿಟಿ ಮೋಡಲ್ಲೇ (ಲೆನ್ಸ್ ಕಿಂಡಿ ಎಷ್ಟು ತೆರೀಬೇಕು ಅಂತ ನಾನು ಇಡೋದು, ಶಟರ್ ಕ್ಯಾಮೆರಾನೇ ನೋಡ್ಕೊಳತ್ತೆ) ಇಟ್ಕೊಂಡಿರ್ತೀನಿ. ಹೊಸ ಲೆನ್ಸ್ ತಗೋಬೇಕಾ, ಇಲ್ಲಾ ನಾನು ತೆಗಿಯೋ ರೀತೀಲೇ ಏನಾದ್ರೂ ಐಬಿದ್ಯಾ?

ನೆರಳುಬೆಳಕು:
ಲೆನ್ಸ್ ಆಮೇಲೆ ನೋಡೋಣ ಬಿಡಿ. ನೀವು ಒಳ್ಳೆ ಗಳಿಗೆ ಬಂತು ಅಂತ ಅನ್ಸಿದ್ಮೇಲೆ ಕ್ಯಾಮೆರಾ ಎತ್ತುತಾ ಇದೀರ, ಎತ್ತೋದನ್ನ ನೋಡೇ ಅವ್ರು ಎಚ್ಚೆತ್ಕೊಳೋದು. ಅದಕ್ಕೆ ಉಲ್ಟಾ ಮಾಡಿ. ಕ್ಯಾಮೆರಾ ಹೊತ್ತುಗೊತ್ತಿಲ್ದೆ ನಿಮ್ ಕೈಲೇ ಇರ್ಲಿ, ಗೋಡೆ, ಚಪ್ಲಿ, ಕಿಟಕಿ, ಏನಾದ್ರೂ ತೆಗೀತಾ ಇರಿ. ಸ್ವಲ್ಪ ಹೊತ್ತಿಗೆ ಮಕ್ಳಿಗೆ ಬೇಜಾರಾಗಿ ನಿಮ್ಮನ್ನ ಕ್ಯಾರೇ ಅನ್ನಲ್ಲ, ಅವಾಗ ಶುರು ಆಗತ್ತೆ ನಿಮ್ ಕೆಲ್ಸ.

ಇನ್ನೊಂದು, ಎದ್ದು ಓಡಾಡ್ಬೇಡಿ. ಕಿಟಕಿ ಬೆಳಕು ಪಕ್ಕದಿಂದ ಬೀಳೋ ಹಂಗೆ, ಹಿಂದ್ಗಡೆ ಬಟ್ಟೆ ರಾಶಿ ಟಿವಿ ವೈರು ಏನೂ ಕಾಣ್ದಿರೋ ಹಂಗೆ ಒಂದು ಮೂಲೆ ನೋಡ್ಕೊಂಡು ನೆಲದ್ಮೇಲೆ ಕೂತ್ಬಿಡಿ, ಮಕ್ಳ ಕಣ್ಣಿನ ಎತ್ತರಕ್ಕೆ. ಹಿನ್ನೆಲೆ ಮೊದ್ಲೇ ಸರಿ ಮಾಡ್ಕೊಂಡ್ರೆ ಆಮೇಲೆ ಮುಖ ಒಂದೇ ನೋಡ್ಕೊಂಡಿದ್ರೆ ಸಾಕು. ಸ್ಕ್ರೀನ್ ಮಡಚೋಕಾದ್ರೆ ಕ್ಯಾಮೆರಾ ತೊಡೆ ಮೇಲಿಟ್ಕೊಂಡೇ ತೆಗೀರಿ, ಕಣ್ಣಿಗೆ ಹಿಡಿಯೋ ಅಗತ್ಯಾನೇ ಇಲ್ಲ.

ಯಾರಾದ್ರೂ ತಮಾಷೆ ಹೇಳ್ತಿದ್ರೆ ಹೇಳೋರನ್ನ ಬಿಟ್ಟು ಕೇಳೋರ ಕಡೆ ಫೋಕಸ್ ಮಾಡಿ. ನಗು ಜೋರಾದಾಗ ಎಲ್ರೂ ಕ್ಲಿಕ್ ಮಾಡ್ತಾರೆ, ನೀವು ಬೆರಳು ತೆಗೀದೆ ಇನ್ನೊಂದೆರಡು ಸೆಕೆಂಡ್ ತಡೀರಿ. ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಕೊಂಡು, ಕಣ್ಣೊರೆಸ್ಕೊಂಡು, ಪಕ್ದಲ್ಲಿರೋರ ತೋಳಿಗೆ ಒಂದ್ ಏಟು ಹಾಕ್ತಾರಲ್ಲ, ಆ ಫೋಟೋ ಬೇಕು. ಚಿಕ್ಕೋನು ಹಲ್ಲು ಕಿರಿದ್ರೆ ಕಿರೀಲಿ ಬಿಡಿ, ಒಂದು ತೆಗೆದು "ಆಯ್ತು" ಅಂದ್ಬಿಡಿ. ಆಯ್ತು ಅಂದ ತಕ್ಷಣ ಮುಖ ಸಡಿಲ ಆಗತ್ತೆ, ಎರಡನೇ ಕ್ಲಿಕ್ ಅಲ್ಲಿ ಹೊಡೀರಿ.

ಐಎಸ್ಒ_ಅಣ್ಣ:
ಮೇಲಿನೋರು ಹೇಳಿದ್ದು ಸರಿ, ಆದ್ರೆ ಫೋಟೋ ಅಲ್ಲಾಡಿದ್ರೆ ಯಾವ ಗಳಿಗೆ ಸಿಕ್ಕೂ ಪ್ರಯೋಜನ ಇಲ್ಲ. ಅಪರ್ಚರ್ ಪ್ರಯಾರಿಟೀಲಿ ಕ್ಯಾಮೆರಾ ತಾನೇ ಶಟರ್ ಸ್ಪೀಡ್ (ಶಟರ್ ಎಷ್ಟು ಹೊತ್ತು ತೆರ್ದಿರತ್ತೆ ಅನ್ನೋದು) ಇಳಿಸತ್ತೆ, ಮನೆ ಒಳಗೆ 1/30 ಸೆಕೆಂಡಿಗೋ ಅದಕ್ಕಿಂತ ಕೆಳಕ್ಕೋ ಬಂದಿರತ್ತೆ, ಆಟ ಆಡೋ ಮಗು ಅಷ್ಟರಲ್ಲಿ ನಿಲ್ಲತ್ತಾ ಹೇಳಿ. ಆಟೋ ಐಎಸ್ಒ (ಐಎಸ್ಒ ಅಂದ್ರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ನಂಬರ್) ಹಾಕಿ ಕನಿಷ್ಠ ಶಟರ್ ಸ್ಪೀಡ್ 1/250 ಅಂತ ಕೊಡಿ, ಓಡಾಡ್ತಿದ್ರೆ 1/500. ಆ ಆಪ್ಷನ್ ಇಲ್ಲಾಂದ್ರೆ ಶಟರ್ ಪ್ರಯಾರಿಟಿಗೆ ಹೋಗಿ, ಅಲ್ಲಿ ಶಟರ್ ಸ್ಪೀಡ್ ನೀವೇ ಇಡೋದು. ಐಎಸ್ಒ 3200, 6400 ಆದ್ರೂ ಹೆದ್ರಬೇಡಿ, ಕಾಳುಕಾಳು ಇರೋ ಫೋಟೋ ಸರಿಮಾಡ್ಬೋದು, ಅಲ್ಲಾಡಿರೋದನ್ನ ದೇವ್ರೂ ಸರಿಮಾಡಲ್ಲ.

ಕಿಟ್ ಲೆನ್ಸ್ ಜೂಮ್ ಮಾಡಿ 55 ಕ್ಕೆ ಹೋದ್ರೆ ಎಫ್ 5.6, 18 ರಲ್ಲಿ ಎಫ್ 3.5, ಈ ಎಫ್ ನಂಬರ್ ಕಮ್ಮಿ ಆದಷ್ಟೂ ಬೆಳಕು ಜಾಸ್ತಿ ಒಳಗೆ ಬರತ್ತೆ (ನಿಮ್ದು ಮಾಮೂಲಿ ಕಿಟ್ ಲೆನ್ಸ್ ಅಂತ ಅಂದ್ಕೊಂಡು ಹೇಳ್ತಿದೀನಿ). ಅಂದ್ರೆ ಜೂಮ್ ಮಾಡ್ದೆ ಹತ್ರ ಹೋದ್ರೆ ಸುಮಾರು ಎರಡೂವರೆ ಪಟ್ಟು ಬೆಳಕು ಜಾಸ್ತಿ, ಪುಕ್ಕಟೆ. ಮುಂದೆ ಯಾವಾಗಾದ್ರೂ ತಗೊಳೋದಾದ್ರೆ 35 ಎಂಎಂ ಎಫ್ 1.8 ಥರದ್ದು ನೋಡಿ. ಫೋಕಸ್ ಓಡಾಡೋರನ್ನ ಹಿಂಬಾಲಿಸೋ ಕಂಟಿನ್ಯುಯಸ್‌ಗೆ ಹಾಕಿ, ಮುಖ ಕಣ್ಣು ಹಿಡಿಯೋ ಸೌಲಭ್ಯ ಇದ್ರೆ ಆನ್ ಮಾಡಿ. ಬರ್ಸ್ಟ್ (ಬಟನ್ ಒತ್ತಿ ಹಿಡಿದ್ರೆ ಸಾಲಾಗಿ ಫೋಟೋ ತೆಗಿಯೋದು) ಕೂಡ ಆನ್ ಇರ್ಲಿ.

ಸೈಲೆಂಟ್ ಶಟರ್ ಬಗ್ಗೆ ಒಂದು ಎಚ್ಚರಿಕೆ. ಸದ್ದಿಲ್ಲ ನಿಜ, ಆದ್ರೆ ಕೆಲವು ಎಲ್ಇಡಿ ಬಲ್ಬ್ ಕೆಳಗೆ ಫೋಟೋ ಪೂರ್ತಿ ಅಡ್ಡಡ್ಡ ಪಟ್ಟೆ ಬೀಳತ್ತೆ. 50 ಹರ್ಟ್ಜ್ ಕರೆಂಟ್ ಇರೋ ಕಡೆ ಬಲ್ಬು ಸೆಕೆಂಡಿಗೆ 100 ಸಲ ಮಿನುಗತ್ತೆ, ಸೆನ್ಸರ್ ಮೇಲಿಂದ ಕೆಳಗೆ ಸಾಲುಸಾಲಾಗಿ ಓದ್ತಾ ಬರೋವಾಗ ಅದು ಸಿಕ್ಕಾಕೊಳತ್ತೆ. ಅಲ್ಲಿ ಮಾಮೂಲಿ ಮೆಕ್ಯಾನಿಕಲ್ ಶಟರ್ರೇ ವಾಸಿ, ಇಲ್ಲಾ ಹಗಲಲ್ಲಿ ಲೈಟ್ ಆರಿಸಿ ಕಿಟಕಿ ಹತ್ರಾನೇ ತೆಗೀರಿ.

ಒಂದೇ ಕ್ಲಿಕ್:
ಬರ್ಸ್ಟ್ ಬೇಡ ಅಂತೀನಿ ನಾನು. ಟರ್ರ್ ಅಂತ ಸದ್ದು ಕೇಳಿದ್ರೆ ಇಡೀ ಕೋಣೆ ತಿರುಗಿ ನೋಡತ್ತೆ, ಆಮೇಲೆ ರಾತ್ರಿ ಕೂತು ಒಂದೇ ಥರದ ನೂರಾರು ಫೋಟೋ ನೋಡ್ತಾ ಯಾವ್ದು ಇಡೋದು ಅಂತ ತಲೆ ಕೆಡತ್ತೆ. ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೇ-ಬ್ರೆಸ್ಸೋನ್ ಅಂಥೋರು ಬರ್ಸ್ಟ್ ಇಲ್ದಿರೋ ಲೈಕಾ ಫಿಲ್ಮ್ ಕ್ಯಾಮೆರಾದಲ್ಲಿ, ಹೆಚ್ಚಾಗಿ ಒಂದು 50 ಎಂಎಂ ಲೆನ್ಸ್ ಇಟ್ಕೊಂಡೇ ಬೀದಿ ಬೀದಿ ಸುತ್ತಿದ್ರು. ರೋಲಿಗೆ 36 ಫೋಟೋ ಅಷ್ಟೇ. ನೋಡೋದು ಕಲೀರಿ, ಬೆರಳು ತಾನಾಗೇ ಬರತ್ತೆ.

ಐಎಸ್ಒ_ಅಣ್ಣ:
@ಒಂದೇ ಕ್ಲಿಕ್ ಗುರುವೇ, ಆ ಮನುಷ್ಯನೂ ರೋಲ್ ಮೇಲೆ ರೋಲ್ ತೆಗೆದೋರೇ, ನಾವು ನೋಡಿರೋದು ಆಯ್ದಿದ್ದನ್ನ ಮಾತ್ರ. 1932 ರದ್ದು ನೀರಿನ ಮೇಲೆ ಹಾರೋನ ಫೋಟೋ ಇದ್ಯಲ್ಲ, ಅದನ್ನ ಬೇಲಿ ಸಂದಿಯಿಂದ ತೆಗೆದಿದ್ದು, ಅಂಚಲ್ಲಿ ಬೇಲಿ ಬಂದಿದ್ದಕ್ಕೆ ಆಮೇಲೆ ಕ್ರಾಪ್ ಮಾಡಿದಾರೆ. ಹಂಗಾಗಿ ಬರ್ಸ್ಟ್ ಏನ್ ಪಾಪ ಅಲ್ಲ. ಆದ್ರೆ ಸದ್ದಿನ ವಿಷ್ಯ ಒಪ್ತೀನಿ, ಮನೇಲಿ ಸ್ಲೋ ಬರ್ಸ್ಟ್ ಸಾಕು, ಮೂರು ನಾಲ್ಕು ಫ್ರೇಮ್ ಬಿಟ್ಟು ಬೆರಳು ತೆಗೀರಿ.

ಮಿಂಚುಳ್ಳಿ:
ಹಕ್ಕಿ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ನಾನು ಬಂದೆ. ಹಕ್ಕಿ ಹಿಂದೆ ಹೋದ್ರೆ ಬಾಲಾನೇ ಸಿಗೋದು, ಅದು ಬರೋ ಜಾಗಕ್ಕೆ ನೀವು ಮೊದ್ಲೇ ಹೋಗಿ ಕೂರ್ಬೇಕು. ಮಿಂಚುಳ್ಳಿ, ನೊಣಹಿಡುಕ, ಏರೋಪ್ಲೇನ್ ಚಿಟ್ಟೆ, ಇವೆಲ್ಲಾ ಬೇಟೆ ಹಿಡ್ದು ಎಷ್ಟೋ ಸಲ ಅದೇ ಕೊಂಬೆಗೆ ವಾಪಸ್ ಬರ್ತವೆ. ಕೊಂಬೆ ಖಾಲಿ ಇರೋವಾಗ್ಲೇ ಅದರ ಮೇಲೆ ಫೋಕಸ್ ಮಾಡಿ, ಹಿನ್ನೆಲೆ ನೋಡ್ಕೊಂಡು, ಅಲ್ಲಾಡ್ದೆ ಕೂತ್ಕೊಳಿ. ಸೂರ್ಯ ನಿಮ್ ಬೆನ್ನಿಗಿರ್ಲಿ, ಆದಷ್ಟು ಗಾಳೀನೂ ಬೆನ್ನಿಗೇ ಇರ್ಲಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗೇ ಹಾರೋದು, ಇಳಿಯೋದೂ ಹಂಗೇ. ಗಾಳಿ ನಿಮ್ ಹಿಂದಿನಿಂದ ಬೀಸ್ತಿದ್ರೆ ಮುಖ ನಿಮ್ ಕಡೆ ಇರತ್ತೆ.

ಹಾರೋ ಮುಂಚೆ ಸುಳಿವು ಕೊಡ್ತವೆ. ಮೈ ಸ್ವಲ್ಪ ಕುಗ್ಗಿಸಿ ಮುಂದಕ್ಕೆ ಬಾಗ್ತವೆ, ಎಷ್ಟೋ ಸಲ ಪಿಚಕ್ ಅಂತ ಹಿಕ್ಕೆ ಹಾಕಿ ಆಮೇಲೇ ಹಾರೋದು 😄 ಹಿಕ್ಕೆ ಬಿತ್ತು ಅಂದ್ರೆ ಬಟನ್ ಒತ್ತಿ ಹಿಡೀರಿ. ಕೂತಿರೋದಕ್ಕೆ 1/500 ಸಾಕು, ಹಾರೋದಕ್ಕೆ 1/2000 ಹತ್ರ ಬೇಕು. 200 ಎಂಎಂ ಅಲ್ಲಿ ಸಣ್ಣ ಹಕ್ಕಿ ಚುಕ್ಕಿ ಥರ ಕಾಣತ್ತೆ, ಅದಕ್ಕೆ ಬೇಜಾರ್ ಮಾಡ್ಕೋಬೇಡಿ, ಮರ ನೀರು ಹುಲ್ಲು ಎಲ್ಲಾ ಸೇರಿಸಿ ತೆಗೀರಿ, ನಂಗಂತೂ ಬರೀ ಕಣ್ಣು ಕೊಕ್ಕು ತುಂಬಿರೋ ಫೋಟೋಗಿಂತ ಅದೇ ಇಷ್ಟ. ಚಿಟ್ಟೆಗೆ ಬೆಳಗ್ಗೆ ಹೋಗಿ, ತಂಪಲ್ಲಿ ಮೈ ಕಾಯಿಸ್ಕೊಳೋಕೆ ರೆಕ್ಕೆ ಬಿಚ್ಚಿ ಕೂತಿರತ್ತೆ, ನಿಮ್ ನೆರಳು ಮಾತ್ರ ಅದ್ರ ಮೇಲೆ ಬೀಳ್ಬಾರ್ದು.

ಹಕ್ಕಿ ತಿನ್ನೋದು ನಿಲ್ಸಿ ಕತ್ತೆತ್ತಿ ನಿಮ್ಮನ್ನೇ ನೋಡ್ತಿದ್ರೆ ಹತ್ರ ಜಾಸ್ತಿ ಹೋಗಿದೀರ ಅಂತ ಲೆಕ್ಕ, ಹಿಂದೆ ಸರೀರಿ. ಗೂಡಿನ ಹತ್ರ ದಯವಿಟ್ಟು ಬೇಡ, ಕೂಗು ರೆಕಾರ್ಡ್ ಹಾಕಿ ಕರೆಯೋದೂ ಬೇಡ, ಅದು ನಿಮ್ಮನ್ನ ಇನ್ನೊಂದು ಹಕ್ಕಿ ಅಂದ್ಕೊಂಡು ಜಗಳಕ್ಕೆ ಬರತ್ತೆ ಪಾಪ, ಮರಿಗೆ ತಿನ್ಸೋ ಹೊತ್ತಲ್ಲಿ.

ಬಿಸಿಲುಕೋಲು:
ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ನಿರೀಕ್ಷೆ ಮಾಡಿರ್ಲಿಲ್ಲ. ಎರಡು ಡೌಟು. ಒಂದು, ದೊಡ್ಡೋಳು ನಿಜವಾಗ್ಲೂ ಬೇಡ ಅಂತಾಳೆ, ಅವ್ಳಿಗೆ ಗೊತ್ತಿಲ್ದಂಗೆ ತೆಗೀಬೋದಾ? ಎರಡು, ಮನೆಯಿಂದ ಹೊರಗೆ ಬರೋಷ್ಟರಲ್ಲಿ ಈ ಸೆಟ್ಟಿಂಗ್ ಎಲ್ಲಾ ಬದಲಾಯಿಸ್ತಾ ಕೂತ್ರೆ ಹಕ್ಕಿ ಹೋಗಿರತ್ತೆ.

ನೆರಳುಬೆಳಕು:
ಬೇಡ ಅಂದ್ರೆ ಬೇಡ ಸರ್. ಕ್ಯಾಂಡಿಡ್ ಅಂದ್ರೆ ಕದ್ದು ತೆಗಿಯೋದಲ್ಲ, ಕ್ಯಾಮೆರಾ ಇದೆ ಅಂತ ಗೊತ್ತಿದ್ದೂ ತಲೆ ಕೆಡಿಸ್ಕೊಳ್ದೆ ಇರ್ಬೇಕು ಅವ್ರು. ತೆಗೆದಿದ್ದನ್ನೆಲ್ಲಾ ಅವ್ಳಿಗೇ ತೋರ್ಸಿ, ಇಷ್ಟ ಆಗ್ದಿರೋದನ್ನ ಅವ್ಳೆದ್ರೇ ಡಿಲೀಟ್ ಮಾಡಿ, ಕೇಳ್ದೆ ಎಲ್ಲೂ ಹಾಕ್ಬೇಡಿ. ಸದ್ಯಕ್ಕೆ ಅವ್ಳು ಚಿತ್ರ ಬರಿಯೋವಾಗ ಬರೀ ಕೈ ತೆಗೀಬೋದಾ ಅಂತ ಕೇಳಿ ನೋಡಿ, ಕೆಲವ್ರಿಗೆ ಮುಖ ಒಂದೇ ತೊಂದ್ರೆ.

ಐಎಸ್ಒ_ಅಣ್ಣ:
ಎರಡನೇದಕ್ಕೆ, ಮೋಡ್ ಡಯಲ್ ಮೇಲೆ ಸಿ1 ಸಿ2 ಅಥ್ವಾ 1, 2 ಅಂತ ಇದ್ಯಾ ನೋಡಿ. ಒಂದ್ರಲ್ಲಿ ಮನೇದು ಸೇವ್ ಮಾಡಿ, 1/250, ಆಟೋ ಐಎಸ್ಒ, ಮುಖ ಹಿಡಿಯೋದು, ಸ್ಲೋ ಬರ್ಸ್ಟ್. ಇನ್ನೊಂದ್ರಲ್ಲಿ ಹಕ್ಕಿದು, 1/2000, ಫಾಸ್ಟ್ ಬರ್ಸ್ಟ್. ಬಾಗ್ಲು ದಾಟೋವಾಗ ಡಯಲ್ ಒಂದು ತಿರುಗಿಸಿದ್ರೆ ಆಯ್ತು. ಮಾಡೆಲ್ ಯಾವ್ದು ಅಂತ ಹಾಕಿ, ಮೆನುವಲ್ಲಿ ಎಲ್ಲಿ ಸೇವ್ ಆಗತ್ತೆ ಅಂತ ನೋಡಿ ಹೇಳ್ತೀನಿ.