ಡಿಜೆ ಆಗಿದ್ದವರು ಹಿಪ್‌ಹಾಪ್ ಬೀಟ್ ಮಾಡೋಕೆ ಇಳಿದರೆ ಏನೇನು ನೋಡ್ಕೋಬೇಕು? ಅನುಭವ ಇರೋರು ತಿಳಿಸಿ

ಪ್ರಶ್ನೆ: ಕಂಟ್ರೋಲರ್‌ನಲ್ಲಿ ಬೀಟ್ ಮ್ಯಾಚಿಂಗ್ ಚೆನ್ನಾಗಿ ಬರುತ್ತೆ. ಈಗ ಹಳೇ ಹಾಡುಗಳ ಸ್ಯಾಂಪಲ್ (ಕತ್ತರಿಸಿ ತೆಗೆದ ತುಣುಕು) ಬಳಸಿ ರ‍್ಯಾಪರ್‌ಗಳಿಗೆ ಬೀಟ್ (ಹಿನ್ನೆಲೆ ಸಂಗೀತ) ಮಾಡಿಕೊಡಬೇಕು ಅಂತಿದ್ದೀನಿ. ಲೂಪ್ (ಮತ್ತೆ ಮತ್ತೆ ಓಡಿಸೋ ತುಣುಕು) ತಾಳಕ್ಕೆ ಕೂರಲ್ಲ, ಬಾಸ್ ಮಬ್ಬಾಗುತ್ತೆ. ಎಸ್‌ಪಿ-1200 ಅನ್ನೋ ಹಳೇ ಸ್ಯಾಂಪ್ಲರ್ ಯಂತ್ರ ಕೊಂಡುಕೊಳ್ಳಲೇ? ಸ್ಯಾಂಪಲ್‌ಗೆ ಅನುಮತಿ ಬೇಕಾ?

ಉತ್ತರ 1: ಹಳೇ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ಮರ್ ಕ್ಲಿಕ್ (ತಾಳ ತೋರಿಸೋ ಟಿಕ್ ಟಿಕ್ ಸದ್ದು) ಇಲ್ಲದೆ ನುಡಿಸಿರ್ತಾರೆ. ಮೊದಲ ಬಾರ್ (ತಾಳದ ಒಂದು ಸುತ್ತು) 96 ಬಿಪಿಎಂ (ನಿಮಿಷಕ್ಕೆ 96 ಏಟು) ಇದ್ದರೆ ಎಂಟನೇದು 98 ಆಗಿರಬಹುದು. ಅದಕ್ಕೇ ಉದ್ದದ ಲೂಪ್ ಜಾರುತ್ತೆ. ಒಂದು ಬಾರ್, ಹೆಚ್ಚೆಂದರೆ ಎರಡು ಬಾರ್ ಮಾತ್ರ ಕತ್ತರಿಸಿ. 90 ಬಿಪಿಎಂನಲ್ಲಿ ನಾಲ್ಕು ಬೀಟಿನ ಬಾರ್ ಅಂದರೆ 2.67 ಸೆಕೆಂಡ್, ಅಳತೆ ಇದಕ್ಕೆ ಹೊಂದದಿದ್ದರೆ ತಪ್ಪಿರೋದು ಕತ್ತರಿಸಿದ ಜಾಗದಲ್ಲೇ. ಕತ್ತರಿಸಿದ ಕಡೆ 2ರಿಂದ 5 ಮಿಲಿಸೆಕೆಂಡ್ ಫೇಡ್ ಕೊಡಿ, ಇಲ್ಲದಿದ್ದರೆ ಟಿಕ್ ಅನ್ನುತ್ತೆ.

96ರಿಂದ 90ಕ್ಕೆ ಇಳಿಸೋಕೆ ಟೈಮ್ ಸ್ಟ್ರೆಚ್ (ಶ್ರುತಿ ಬದಲಿಸದೆ ಉದ್ದ ಮಾತ್ರ ಎಳೆಯೋದು) ಬೇಡ, ಸ್ನೇರ್ ಡ್ರಮ್ಮಿನ ಏಟು ಸವೆದುಹೋಗುತ್ತೆ. ಡೆಕ್ ಮೇಲೆ ಮಾಡೋ ಹಾಗೇ ವೇಗವನ್ನೇ 6.25% ಇಳಿಸಿ. ಆಗ ಶ್ರುತಿಯೂ ಇಳಿಯುತ್ತೆ: ಒಂದು ಸೆಮಿಟೋನ್ (ಅರ್ಧ ಸ್ವರ), ಜೊತೆಗೆ ಸುಮಾರು 12 ಸೆಂಟ್ (ಸೆಮಿಟೋನಿನ ನೂರನೇ ಒಂದು ಪಾಲು ಒಂದು ಸೆಂಟ್). ಬಹಳ ಜನ ಎಡವೋದು ಆ 12 ಸೆಂಟಿನಲ್ಲಿ. ಕೀಬೋರ್ಡಿನ ಬಾಸ್ ಅನ್ನೂ ಅಷ್ಟೇ ಇಳಿಸದಿದ್ದರೆ ಎಷ್ಟು ಮಿಕ್ಸ್ ಮಾಡಿದರೂ ಅಪಶ್ರುತಿ ಹೋಗಲ್ಲ.

ಉತ್ತರ 2: ಡ್ರಮ್ ವಿಷಯದಲ್ಲಿ ಮೇಲಿನವರ ಮಾತು ಸರಿ. ಹಾಡಿದ ದನಿಯ ತುಣುಕಿಗೆ ಮಾತ್ರ ಸ್ಟ್ರೆಚ್ ಮಾಡಿದರೂ ನಡೆಯುತ್ತೆ. ಮಬ್ಬಿಗೆ ಕಾರಣ, ಸ್ಯಾಂಪಲ್ ಒಳಗೇ ಒಂದು ಬಾಸ್ ಇದೆ. ಅದರ ಮೇಲೆ ನಿಮ್ಮದು ಇನ್ನೊಂದು. ಸ್ಯಾಂಪಲ್‌ನಲ್ಲಿ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿ. ಕಿಕ್ ಡ್ರಮ್ ಬಿದ್ದಾಗ ಬಾಸ್ ತಗ್ಗೋ ಹಾಗೆ ಸೈಡ್‌ಚೈನ್ ಹಾಕಿ. ಕೊನೆಗೆ ಮೋನೋದಲ್ಲಿ ಕೇಳಿ. ಬಹಳಷ್ಟು ಕ್ಲಬ್‌ಗಳ ಸಿಸ್ಟಮ್ ಮೋನೋನೇ, ಅಗಲ ಮಾಡಿದ ಬಾಸ್ ಅಲ್ಲಿ ಮಾಯ ಆಗುತ್ತೆ.

ಉತ್ತರ 3: ಎಸ್‌ಪಿ-1200 ಬೇಡ ಗುರೂ, ಆ ದುಡ್ಡಲ್ಲಿ ಒಳ್ಳೇ ಮಾನಿಟರ್ ಸ್ಪೀಕರ್ ತಗೋ. 1987ರ ಆ ಯಂತ್ರದಲ್ಲಿ ಒಟ್ಟು ಹತ್ತೇ ಸೆಕೆಂಡ್, ಒಂದು ತುಣುಕಿಗೆ 2.5 ಸೆಕೆಂಡ್. ಜಾಗ ಉಳಿಸೋಕೆ 33ರ ಎಲ್‌ಪಿಯನ್ನ 45ರಲ್ಲಿ ಓಡಿಸಿ ತುಂಬಿ, ಆಮೇಲೆ ಯಂತ್ರದೊಳಗೆ ಇಳಿಸ್ತಿದ್ರು. ಪೀಟ್ ರಾಕ್ ಥರದ ಹಿಪ್‌ಹಾಪ್ ಬೀಟ್ ಮಾಡೋರ ಡ್ರಮ್ಮಿನ ಒರಟುತನದಲ್ಲಿ ಇದರ ಪಾಲು ದೊಡ್ಡದು. ಲ್ಯಾಪ್‌ಟಾಪಲ್ಲೂ ಆಗುತ್ತೆ: ತುಣುಕನ್ನ 5.2 ಸೆಮಿಟೋನ್ ಏರಿಸು, 12 ಬಿಟ್, 26 ಕಿಲೋಹರ್ಟ್ಸ್‌ಗೆ ಇಳಿಸಿ ರೆಂಡರ್ ಮಾಡು, ಮತ್ತೆ ಅಷ್ಟೇ ಇಳಿಸು. ಸ್ವಿಂಗ್ (ಎಡೆಯ ಏಟನ್ನ ಸ್ವಲ್ಪ ತಡ ಮಾಡೋದು) 54ರಿಂದ 58%ರೊಳಗೆ ಇಟ್ಟು ನೋಡು. 66ಕ್ಕೆ ಹೋದ್ರೆ ಪೂರ್ತಿ ತ್ರಿಪ್ಲೆಟ್ (ಮೂರು ಸಮಪಾಲಿನ ನಡೆ) ಆಗ್ಬಿಡುತ್ತೆ.

ಉತ್ತರ 4: ಅನುಮತಿ ಬೇಕೇ ಬೇಕು, ಅದೂ ಎರಡು ಕಡೆಯಿಂದ: ರೆಕಾರ್ಡಿಂಗ್‌ನ ಹಕ್ಕು ಇರೋರು, ಸಂಗೀತ-ಸಾಹಿತ್ಯದ ಹಕ್ಕು ಇರೋರು. ಇಷ್ಟು ಸೆಕೆಂಡಿನವರೆಗೆ ಫ್ರೀ ಅನ್ನೋ ನಿಯಮ ಎಲ್ಲೂ ಇಲ್ಲ, ದಯವಿಟ್ಟು ನಂಬಬೇಡಿ. 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಸ್ಯಾಂಪಲ್ ಬಳಸಿದ್ದ ಹಾಡಿನ ವಿರುದ್ಧ ನ್ಯೂಯಾರ್ಕಿನಲ್ಲಿ ತೀರ್ಪು ಬಂದ ಮೇಲೆ ಅಮೆರಿಕದ ಲೇಬಲ್‌ಗಳು ಅನುಮತಿ ಪತ್ರ ನೋಡದೆ ಸ್ಯಾಂಪಲ್ ಇರೋ ಹಾಡು ಬಿಡೋಕೆ ಹೆದರಿದವು. ಅದೇ ರಾಗವನ್ನು ಹೊಸದಾಗಿ ನುಡಿಸಿದರೆ ಮೊದಲನೇ ಅನುಮತಿ ತಪ್ಪುತ್ತೆ, ಎರಡನೇದು ಬೇಕೇ. ರ‍್ಯಾಪರ್‌ಗೆ ಬೀಟ್ ಕೊಡುವಾಗ ಯಾವ ಹಾಡಿನ ಎಷ್ಟನೇ ಸೆಕೆಂಡ್ ಬಳಸಿದ್ದು, ಯಾರಿಗೆ ಎಷ್ಟು ಶೇಕಡಾ ಅಂತ ಬರೆದು ಇಬ್ಬರೂ ಸಹಿ ಹಾಕಿ. ಸ್ಟೆಮ್‌ಗಳು (ಡ್ರಮ್, ಬಾಸ್ ಹೀಗೆ ಬೇರೆಬೇರೆ ಫೈಲ್‌ಗಳು) 24 ಬಿಟ್ ವೇವ್ ಆಗಿರಲಿ, ಎಲ್ಲವೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಫೈಲ್ ಹೆಸರಲ್ಲಿ ಬಿಪಿಎಂ ಇರಲಿ. ಮುಂಗಡ ಬರೋವರೆಗೆ ನಡುನಡುವೆ ನಿಮ್ಮ ಹೆಸರು ಹೇಳೋ ದನಿಯ ಗುರುತು ಹಾಕಿದ ಎಂಪಿ3 ಮಾತ್ರ ಕಳಿಸಿ.